ಹೋಗಿ ಬರುವವರು

ಮಂಗಳವಾರ ಮಧ್ಯಾಹ್ನ ಮೂರೂ ಕಾಲಿಗೆ ತುಮಕೂರಿನ ಪಂಕಜಾಕ್ಷಿಯ ಕಂಪ್ಯೂಟರಿನ ಫ್ಯಾನು ಮಿಕ್ಸಿಯಂತೆ ಅರಚತೊಡಗಿತೆಂಬುದನ್ನು ನಾಡಿನ ಇತಿಹಾಸಕಾರರು ದಯವಿಟ್ಟು ಬರೆದಿಟ್ಟುಕೊಳ್ಳಬೇಕು.

ಅವಳು ಆಡುತ್ತಿದ್ದುದು ಮೋಜಿನ ಪಾರ್ಕ್ ಕಟ್ಟುವ ಆಟದ ಡೆಮೊ. ಪಾರ್ಕಿನೊಳಗೆ ಒಂಬೈನೂರು ಜನ ಸೇರಿ ಪರದೆ ತಡವರಿಸುತ್ತಿತ್ತು. ಕಂಪ್ಯೂಟರು ಕೆಟ್ಟು ನಿಂತರೆ ಅಷ್ಟೂ ಜನ ಇಲ್ಲವಾಗುತ್ತಾರೆ. ಆಟದೊಳಗಿನವರಿಗೂ ಜೀವವಿದೆಯೆಂದು ಕಾನೂನಾದ ಮೇಲೆ ಯಾರನ್ನೂ ಅಳಿಸುವಂತಿಲ್ಲ, ಒಪ್ಪಿಸಿ ಗೇಟಿನಿಂದ ಕಳುಹಿಸಬೇಕು. ದಯವಿಟ್ಟು ಹೊರಡಿರೆಂದು ಪಂಕಜಾಕ್ಷಿ ಮೈಕಿನಲ್ಲಿ ಬೇಡಿಕೊಂಡಳು. ಒಳ್ಳೆಯ ಜನ, ಸಾಲಾಗಿ ಹೊರಟರು. ಹೊರಡುವಾಗ ಪ್ರತಿಯೊಬ್ಬರೂ "ಬರ್ತೀನಿ" ಅಂದರು. ಆಡಿದ ಮಾತನ್ನು ಅಕ್ಷರಶಃ ನಂಬುವ ಆಟ ಎರಡೇ ನಿಮಿಷದಲ್ಲಿ ಅವರನ್ನೆಲ್ಲ ವಾಪಸು ಕರೆತಂದಿತು.

ಮೂರನೇ ಸಲ ಗೇಟಿಗೆ ಬಂದ ಮುದುಕಿಯೊಬ್ಬಳನ್ನು ಪಂಕಜಾಕ್ಷಿ ನಿಲ್ಲಿಸಿ, "ಅಜ್ಜೀ, 'ಹೋಗ್ತೀನಿ' ಅಂದ್ಬಿಡಿ, ಸಾಕು," ಎಂದಳು.

"ಹೊರಡೋವಾಗ ಯಾರಾದ್ರೂ ಹಂಗಂತಾರೇನವ್ವಾ? ನಿಮ್ಮಮ್ಮ ಇಷ್ಟೂ ಹೇಳ್ಕೊಡ್ಲಿಲ್ವಾ?"

"ಹೇಳ್ಕೊಟ್ಟಿದ್ರು."

"ಹಂಗಾದ್ರೆ ನೀನೇ ಒಂದ್ಸಲ ಅಂದು ತೋರ್ಸು, ನೋಡಾನ."

ಪಂಕಜಾಕ್ಷಿ ಮೈಕನ್ನು ಪಕ್ಕಕ್ಕಿಟ್ಟಳು. ಅಷ್ಟರಲ್ಲಿ ಕಂಪ್ಯೂಟರಿನ ಬೆನ್ನಿಂದ ಸುಟ್ಟ ವಾಸನೆ ಬಂತು. ಅವಳು ಗಡಿಬಿಡಿಯಲ್ಲಿ ಮರಗಳ ನೆರಳು ತೆಗೆದಳು, ಕೊಳದ ಅಲೆ ನಿಲ್ಲಿಸಿದಳು. ಸಾಲಲಿಲ್ಲ. ಕುದುರೆ ತೊಟ್ಟಿಲು ಹೋಯಿತು, ಜಾರುಬಂಡಿ ಹೋಯಿತು, ಕೊನೆಗೆ ಹನ್ನೊಂದು ದಿನ ಕೂತು ಕಟ್ಟಿದ್ದ ಜೈಂಟ್ ವೀಲನ್ನೂ ಕಣ್ಣುಮುಚ್ಚಿ ಅಳಿಸಿದಳು.

ಕಂಪ್ಯೂಟರು ತಣ್ಣಗಾಯಿತು. ಪಾರ್ಕಿನಲ್ಲಿ ಈಗ ಒಂದೂ ಆಟವಿಲ್ಲ, ಜನ ಎಲ್ಲರೂ ಇದ್ದಾರೆ.