ಕೇಳದೆ ಮುಟ್ಟಬೇಡಿ

“ನನ್ನ ಕೇಳದೆ ಮುಟ್ಟಿದ್ರೆ ಕೈ ಮುರೀತೀನಿ – ರಿಕ್ಕೆ.”

ಆರ್ಹುಸ್ ವಿಶ್ವವಿದ್ಯಾಲಯದ ಲ್ಯಾಬಿನಲ್ಲಿ, ಫ್ರೀಜರಿನಿಂದ ತೆಗೆದ ಪುಟ್ಟ ಟ್ಯೂಬಿನ ಮೇಲಿದ್ದ ಚೀಟಿಯನ್ನು ವಿದ್ಯಾರ್ಥಿನಿ ತೂರಾ ಪ್ರೊಫೆಸರ್ ಹೆನಿಂಗ್‌ಗೆ ತೋರಿಸಿದಳು. ಜೀನ್ ಕೆಲಸ ಮಾಡದಂತೆ ಅದರ ಬಾಯಿ ಮುಚ್ಚಿಸುವ ಪ್ರೊಟೀನು ಟ್ಯೂಬಿನಲ್ಲಿತ್ತು. ಅದನ್ನು ತಯಾರಿಸಿದ್ದ ಸಂಶೋಧಕಿ ರಿಕ್ಕೆ ವಸಂತದಲ್ಲಿ ತೀರಿಕೊಂಡಿದ್ದಳು.

“ಇದೊಂದೇ ಉಳಿದಿರೋದು. ಇದಿಲ್ದೆ ನನ್ನ ಪ್ರಯೋಗ ಮುಗಿಯಲ್ಲ. ಈಗ ಯಾರನ್ನ ಕೇಳ್ಲಿ?” ಎಂದಳು.

ಹೆನಿಂಗ್ ಟ್ಯೂಬನ್ನು ತೆಗೆದುಕೊಂಡು ಮುಷ್ಟಿಯಲ್ಲಿ ಬಿಗಿಹಿಡಿದರು. ವಸಂತದಿಂದೀಚೆಗೆ ರಿಕ್ಕೆಯ ಹೆಸರು ಅವರ ಬಾಯಲ್ಲಿ ಬಂದಿರಲಿಲ್ಲ.

“ಕೈ ಬಿಸಿಗೆ ಕರಗುತ್ತೆ, ಹೆನಿಂಗ್. ಕರಗಿದ್ರೆ ಇವತ್ತೇ ಬಳಸ್ಬೇಕು, ಇಲ್ಲಾಂದ್ರೆ ಚೆಲ್ಬೇಕು,” ಎಂದಳು ತೂರಾ.

ಅವರು ಕಿಟಕಿ ಪಕ್ಕದಲ್ಲಿ ರಿಕ್ಕೆ ಕೂರುತ್ತಿದ್ದ ಖಾಲಿ ಸ್ಟೂಲಿನ ಕಡೆ ತಿರುಗಿದರು.

“ಈ ಹುಡುಗಿ ಒಂದು ಹನಿನೂ ಚೆಲ್ಲಲ್ಲ,” ಎಂದರು. “ಕೊಡ್ಲಾ, ರಿಕ್ಕೆ?”