ಅಕ್ಕನಿದ್ದ ಗೇಮ್ ಯಂತ್ರ

ತೀರಿಕೊಂಡವರು ತಮ್ಮ ಕೈಯ ಗೇಮ್ ಯಂತ್ರದಲ್ಲೇ ಉಳಿದು ಆಡುತ್ತಿದ್ದ ಕಾಲವದು. ಸರೋಜಿನಿಯ ಅಕ್ಕ ಇಂದುಮತಿ ಇದ್ದ ಯಂತ್ರ ತಂಗಿಯ ಕೈಯಿಂದ ಕೆಳಗೆ ಬಿದ್ದು ಕೆಟ್ಟಿತು. ಹುಬ್ಬಳ್ಳಿಯ ರಿಪೇರಿ ಅಂಗಡಿಯ ವಿನಾಯಕ ಅದನ್ನು ನೋಡಿ ಮೂಗು ಮುರಿದ.

“ಇದನ್ನ ಬಿಚ್ಚಿದ್ರ ಅಕ್ಕಾರು ಪೂರ್ತಿ ಅಳಿಸಿ ಹೋಗಬಹುದ್ರಿ. ಹೊಸಾದು ತಗೋರಿ, ಅದರಾಗ ಅವರ ನಕಲು ಹಾಕಿ ಕೊಡ್ತೀವಿ. ನಕಲಿನ ಅಕ್ಕಾರು ಭಾಳ ಸಮಾಧಾನದವರು, ಆಟದಾಗ ನಿಮಗ ಬೇಕಂತನ ಸೋಲ್ತಾರ.”

“ಸಮಾಧಾನ? ನಮ್ಮಕ್ಕಗ?” ಸರೋಜಿನಿ ತಿರಸ್ಕಾರದಿಂದ ನಕ್ಕಳು. “ಹಲ್ಲು ಕಿರಿಯೋ ಗೊಂಬಿಗೆ ಅಕ್ಕಾ ಅನ್ನಾಕ ನನಗೇನು ಹುಚ್ಚು ಹಿಡದೈತೇನು? ಬಿಚ್ಚು ತಮ್ಮಾ.”

ಅವನು ಬಿಚ್ಚಿದ. ತಾಸಿನ ಮೇಲೆ ಪರದೆ ಬೆಳಗಿತು.

“ಒಂದು ಸಾಮಾನು ನೆಟ್ಟಗ ಹಿಡ್ಯಾಕ ಬರಂಗಿಲ್ಲೇನು ನಿನಗ?” ಎಂದಳು ಇಂದುಮತಿ.

ಸರೋಜಿನಿ ಕಣ್ಣೊರೆಸಿಕೊಂಡು, “ಬಾಯಿ ಮುಚ್ಚಿ ಆಡು” ಎಂದು ಅಲ್ಲೇ ಸ್ಟೂಲಿನ ಮೇಲೆ ಕೂತಳು.