ಇನ್ನೂರ ಹನ್ನೆರಡನೇ ಪುಟ

ವಾರಪತ್ರಿಕೆಯ ‘ಸದ್ಯಕ್ಕೆ ಇಷ್ಟವಾದವು’ ಅಂಕಣಕ್ಕೆ ವರದಿಗಾರ್ತಿ ಏಳು ಸಂಗತಿ ಕೇಳಿದ್ದಳು. ಕಾದಂಬರಿಗಾರ್ತಿ ಆರನ್ನು ಒಂದೇ ಉಸಿರಿಗೆ ಹೇಳಿದಳು: ಕ್ಯಾಪು ಕಳೆದುಹೋದ ಪೆನ್ನು, ಸೀದ ಬ್ರೆಡ್ಡಿನ ಅಂಚು, ಖಾಲಿ ಬಸ್ಸಿನ ಕೊನೆಯ ಸೀಟು, ಪಕ್ಕದ ಮನೆಯಾತ ಕಲಿಯುತ್ತಿರುವ ಪಿಟೀಲಿನ ಅಪಸ್ವರ, ಒಗೆದೊಗೆದು ಬಣ್ಣ ಬಿಟ್ಟ ಶಾಲು, ಊಟವಾದ ಮೇಲಿನ ಅರ್ಧ ಗಂಟೆ ನಿದ್ದೆ. ಮೂವತ್ತೊಂದು ಪ್ರೇಮಕಾದಂಬರಿ ಬರೆದವಳ ಪಟ್ಟಿಯಲ್ಲಿ ಒಂದು ಹೂವೂ ಇಲ್ಲವಲ್ಲ ಎಂದು ವರದಿಗಾರ್ತಿಯ ಮುಖ ಸಪ್ಪಗಾಯಿತು. ಏಳನೆಯದು ನನ್ನ ಗೆಳತಿ ಅಂತ ಬರೆದುಕೋ, ಎಂದಳು ಕಾದಂಬರಿಗಾರ್ತಿ. ಗೆಳತಿ ಅಚ್ಚುಕೂಟದಲ್ಲಿ ಪ್ರೂಫ್ ತಿದ್ದುವವಳು. ಒಂದು ಒತ್ತಕ್ಷರವೂ ಅವಳ ಕಣ್ಣು ತಪ್ಪಿಸಿ ಹೋದದ್ದಿಲ್ಲವಾದ್ದರಿಂದ ಅಲ್ಲಿ ಎಲ್ಲರಿಗೂ ಅವಳು ಒತ್ತಕ್ಕ. ಇಪ್ಪತ್ತು ವರ್ಷದಿಂದ ಕಾದಂಬರಿಗಾರ್ತಿಯ ಪ್ರತಿ ಪುಸ್ತಕವನ್ನೂ ಮೊದಲು ಓದಿದವಳು ಅವಳೇ.

ವರದಿಗಾರ್ತಿ ಬರೆಯುವುದನ್ನು ನಿಲ್ಲಿಸಿದಳು. ಇಬ್ಬರನ್ನೂ ಜೊತೆಗೆ ಕೂರಿಸಿ ಫೋಟೋ ತೆಗೆಯೋಣವೆಂದು ಅವಳು ಹಿಂದಿನ ದಿನವೇ ಅಚ್ಚುಕೂಟಕ್ಕೆ ಹೋಗಿ ಬಂದಿದ್ದಳಂತೆ. ಒತ್ತಕ್ಕ ಒಲ್ಲೆ ಅಂದಳಂತೆ. “ಇನ್ಮೇಲೆ ನಿಮ್ಮ ಪುಸ್ತಕ ನೋಡಲ್ಲ ಅಂದ್ರು ಮೇಡಂ. ನಿಮಗೆ ಗೊತ್ತಿರುತ್ತೆ ಅಂದ್ಕೊಂಡಿದ್ದೆ.”

ಗೊತ್ತಿರಲಿಲ್ಲ. ವರದಿಗಾರ್ತಿಯನ್ನು ಸಾಗಹಾಕಿ ಕಾದಂಬರಿಗಾರ್ತಿ ನೇರ ಅಚ್ಚುಕೂಟಕ್ಕೆ ನಡೆದಳು. ಯಂತ್ರ ನಿಂತಿತ್ತು, ಹಿಂದಿನ ಕೋಣೆಯಲ್ಲಿ ಒತ್ತಕ್ಕ ಯಾರದೋ ಪಠ್ಯಪುಸ್ತಕದ ಪ್ರೂಫ್ ಹಿಡಿದು ಕೂತಿದ್ದಳು. ತಲೆಯೆತ್ತಲಿಲ್ಲ. ಪಕ್ಕದ ಕಟ್ಟಿನಿಂದ ಒಂದು ಹಾಳೆ ಎಳೆದು ಮೇಜಿನಾಚೆಗೆ ತಳ್ಳಿದಳು. ಕಾದಂಬರಿಗಾರ್ತಿಯ ಹೊಸ ಪುಸ್ತಕದ ಇನ್ನೂರ ಹನ್ನೆರಡನೇ ಪುಟ. ಕಾಯಿಲೆಯಿಂದೆದ್ದ ಹೆಂಡತಿ ತನ್ನ ಕೆಮ್ಮಿನಿಂದ ಗಂಡನ ನಿದ್ದೆ ಕೆಡುತ್ತದೆ, ಹೊರಗೆ ಮಲಗುತ್ತೇನೆ ಅನ್ನುತ್ತಾಳೆ. ನಾಯಕ ಹೇಳುತ್ತಾನೆ: “ಇಲ್ಲೇ ಕೆಮ್ಮು. ನೀನು ಕೆಮ್ಮಿದರೆ ನನಗೆ ನಿದ್ದೆ ಬರುತ್ತದೆ. ಇದ್ದೀಯ ಅಂತ ಗೊತ್ತಾಗುತ್ತದೆ.”

ಏಳು ತಿಂಗಳ ಹಿಂದೆ ನ್ಯುಮೋನಿಯಾ ಆಗಿ ಮೂರು ವಾರ ಆಸ್ಪತ್ರೆಯಲ್ಲಿದ್ದು ಮನೆಗೆ ಬಂದ ಒತ್ತಕ್ಕನಿಗೆ ಅವಳ ಗಂಡ ಹೇಳಿದ ಮಾತು ಅದು. ಮಾರನೆಯ ದಿನ ಚಹಾ ಕುಡಿಯುತ್ತ ಅವಳು ಅದನ್ನು ಗೆಳತಿಗೆ ಹೇಳಿಕೊಂಡಿದ್ದಳು. ಹೇಳುತ್ತ ನಕ್ಕಿದ್ದಳು, ಸೆರಗಿನಿಂದ ಕಣ್ಣೊರೆಸಿಕೊಂಡಿದ್ದಳು. ಕಾದಂಬರಿಗಾರ್ತಿ ಮನೆಗೆ ಬಂದವಳೇ ಮರೆಯುವ ಮೊದಲು ಬರೆದಿಟ್ಟುಕೊಂಡಳು. ಕದಿಯುತ್ತಿದ್ದೇನೆ ಎಂದು ಅನ್ನಿಸಿರಲಿಲ್ಲ. ಕೈಗೆ ರೂಢಿಯಾಗಿತ್ತು, ಅಷ್ಟೆ.

ಇದರಲ್ಲಿ ನಿಮ್ಮಿಬ್ಬರ ಹೆಸರೆಲ್ಲಿದೆ, ಯಾರಿಗೆ ತಾನೇ ಗೊತ್ತಾಗುತ್ತೆ, ಎಂದಳು.

“ಪ್ರೂಫ್ ನೋಡುವಾಗ ನನಗೆ ಓದಿ ಹೇಳೋರು ಯಾರು?” ಎಂದಳು ಒತ್ತಕ್ಕ.

ಕಾದಂಬರಿಗಾರ್ತಿ ಅದೊಂದನ್ನು ಮರೆತಿದ್ದಳು. ಲಿಫ್ಟ್ ರಿಪೇರಿಯ ಕೆಲಸದಿಂದ ನಿವೃತ್ತನಾದ ಒತ್ತಕ್ಕನ ಗಂಡ ಮನೆಯಲ್ಲಿ ಹಸ್ತಪ್ರತಿ ಹಿಡಿದು ಗಟ್ಟಿಯಾಗಿ ಓದುತ್ತಿದ್ದ, ಅಲ್ಪವಿರಾಮ ಪೂರ್ಣವಿರಾಮಗಳನ್ನೂ ಬಿಡದೆ, ಕರೆಂಟ್ ಬಿಲ್ ಓದುವ ದನಿಯಲ್ಲಿ. ಅವಳು ಪ್ರೂಫಿನಲ್ಲಿ ತಾಳೆ ನೋಡುತ್ತಿದ್ದಳು. ಮಂಗಳವಾರ ಆ ಪುಟ ಬಂತು. ಕೊನೆಯ ಪೂರ್ಣವಿರಾಮದವರೆಗೂ ಓದಿದ. ಆಮೇಲೆ ಕನ್ನಡಕ ತೆಗೆದಿಟ್ಟು, ಎದ್ದು ಹೋಗಿ ಗಿಡಗಳಿಗೆ ನೀರು ಹಾಕಿದ. ಮತ್ತೆ ಓದಲು ಕೂತಿಲ್ಲ.

“ಬೈದಿದ್ರೆ ಪರವಾಗಿರಲಿಲ್ಲ,” ಎಂದಳು ಒತ್ತಕ್ಕ. “ಇಪ್ಪತ್ತೆಂಟು ವರ್ಷದಲ್ಲಿ ಅವರು ಬಾಯಿಬಿಟ್ಟು ಆಡಿದ್ದು ಅದೊಂದು ಮಾತು. ಅದನ್ನೂ ನಾನು ಬೀದಿಗೆ ಹಾಕಿಬಿಟ್ಟೆ ಅಂತ ಅವರಿಗೆ. ಅವರ ಬೇಜಾರು ನಿನ್ನ ಮೇಲಲ್ಲ, ನನ್ನ ಮೇಲೆ.”

ತೆಗೆದುಬಿಡುತ್ತೇನೆ ಎಂದಳು ಕಾದಂಬರಿಗಾರ್ತಿ. ತೆಗೆದರೆ ಆ ಅಧ್ಯಾಯ ಕುಸಿದುಬೀಳುತ್ತದೆ, ಪ್ರೂಫ್ ತಿದ್ದುವವಳಾಗಿ ಇಷ್ಟು ಹೇಳಬೇಕು ಎಂದು ಒತ್ತಕ್ಕ ಮತ್ತೆ ಪಠ್ಯಪುಸ್ತಕದ ಮೇಲೆ ಬಗ್ಗಿದಳು.

ಮೂರು ದಿನ ಕಾದಂಬರಿಗಾರ್ತಿ ಆ ಒಂದು ಮಾತಿಗಾಗಿ ಹೆಣಗಿದಳು. ಚಂದ್ರ ಬಂದ, ಸಮುದ್ರ ಬಂತು, ಏಳೇಳು ಜನ್ಮ ಬಂದವು. ಎಲ್ಲ ಬುಟ್ಟಿಗೆ ಹೋದವು. ಮೂವತ್ತೊಂದು ಪುಸ್ತಕಗಳಲ್ಲಿ ತನ್ನ ನಾಯಕರು ಇಷ್ಟು ದಿನ ಏನು ಮಾತಾಡುತ್ತಿದ್ದರು ಎಂದು ಮೊದಲ ಸಲ ಅನುಮಾನ ಬಂತು. ಕೊನೆಗೆ ತಕ್ಕಮಟ್ಟಿಗಿದ್ದ ಒಂದು ಸಾಲು ಒಲಿಯಿತು. ಭಾನುವಾರ ಮಧ್ಯಾಹ್ನ ಆ ಹಾಳೆ ಹಿಡಿದು ಗೆಳತಿಯ ಮನೆಗೆ ಹೋದಳು.

ಬಾಗಿಲು ತೆರೆದದ್ದು ಗಂಡ. ಕುರ್ಚಿ ಎಳೆದು ಕೊಟ್ಟ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಕೈಕೊಟ್ಟು, ಅವಳ ಬಾಯಿಂದ ಹೊರಟದ್ದು “ತಪ್ಪಾಯ್ತು” ಅನ್ನುವುದೊಂದೇ. ಆತ ತಲೆಯಾಡಿಸಿ ಹಾಳೆಗೆ ಕೈಚಾಚಿದ; ಕನ್ನಡಕ ಹಾಕಿಕೊಂಡ. ಒತ್ತಕ್ಕ ಕೆಂಪು ಪೆನ್ನನ್ನೂ ಹಸ್ತಪ್ರತಿಯ ಕಟ್ಟನ್ನೂ ತಂದು ಎದುರಿಗೆ ಕೂತಳು. ಆತ ಓದಿದ: “ನಿನಗೆ ವಾಸಿಯಾಗುವವರೆಗೆ ಅಲ್ಪವಿರಾಮ ನಾನು ಇಲ್ಲಿಂದ ಏಳುವುದಿಲ್ಲ ಪೂರ್ಣವಿರಾಮ.”

“ಮೊದಲಿನದೇ ಚೆನ್ನಾಗಿತ್ತು,” ಎಂದ.

ಒತ್ತಕ್ಕನ ಪೆನ್ನು ನಿಂತಿತು. ಹಾಗಾದರೆ ಅದನ್ನೇ ಇಡಲೇ ಎಂಬ ಪ್ರಶ್ನೆ, ನಾಲಿಗೆ ಕಚ್ಚಿಕೊಳ್ಳುವ ಮೊದಲೇ ಕಾದಂಬರಿಗಾರ್ತಿಯ ಬಾಯಿಂದ ಜಾರಿತ್ತು.

ಆತ ಆ ಹಾಳೆಯನ್ನು ಮಗುಚಿಟ್ಟು ಕಟ್ಟಿನಿಂದ ಮುಂದಿನದನ್ನು ಕೈಗೆತ್ತಿಕೊಂಡ.

“ಬೇಡ ಬಿಡಿ. ಪುಸ್ತಕಕ್ಕೆ ಇಷ್ಟು ಸಾಕು.”